ನಿಮ್ಮ ಲೋಹ ಯಾವುದೆಂದು ಮೀಟರಿಗೆ ಗೊತ್ತಿಲ್ಲ

ಹೊಸೂರಿನ ಸಿಪ್‌ಕಾಟ್ ಕಡೆಯ ಕಾರ್ಖಾನೆಗಳಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ದೂರಿನವು. "ಸಾರ್, ಲೋಹದ ದಪ್ಪ ಅಳೆಯೋ ಅಲ್ಟ್ರಾಸೋನಿಕ್ ಮೀಟರ್ ತಪ್ಪು ತೋರಿಸ್ತಿದೆ. ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇದೆ, ಆದ್ರೂ ಹೀಗೆ." ವೆಲಾಸಿಟಿ, ಅಂದರೆ ಲೋಹದೊಳಗೆ ಶಬ್ದ ಹೋಗುವ ವೇಗ, ಎಷ್ಟಕ್ಕೆ ಸೆಟ್ ಮಾಡಿದ್ದೀರಿ ಅಂತ ಕೇಳುತ್ತೇನೆ. ಆ ಕಡೆ ಮಾತೇ ಇರುವುದಿಲ್ಲ.

ದಯವಿಟ್ಟು ಇದೊಂದನ್ನು ಮನಸ್ಸಿಗೆ ಹಾಕಿಕೊಳ್ಳಿ. ಆ ಮೀಟರ್ ಅಳೆಯುವುದು ಸಮಯವನ್ನು. ಲೋಹದ ಮೇಲೆ ಒತ್ತಿ ಹಿಡಿಯುವ ಪ್ರೋಬಿನಿಂದ ಹೊರಟ ಶಬ್ದದ ಅಲೆ ಲೋಹದ ಆಚೆ ಮುಖಕ್ಕೆ ತಗುಲಿ ವಾಪಸ್ ಬರಲು ಎಷ್ಟು ಹೊತ್ತಾಯಿತು, ಅಷ್ಟೇ ಅದಕ್ಕೆ ಗೊತ್ತು. ಆ ಹೊತ್ತನ್ನು ನೀವು ಕೊಟ್ಟ ವೇಗದಿಂದ ಗುಣಿಸುತ್ತದೆ, ಹೋಗಿ ಬಂದ ದಾರಿಯಾದ್ದರಿಂದ ಅರ್ಧ ಮಾಡುತ್ತದೆ, ಬಂದ ಉತ್ತರವನ್ನು ದಪ್ಪ ಅಂತ ತೋರಿಸುತ್ತದೆ. ಅತ್ತಿಬೆಲೆ ಕಡೆಯಿಂದ ಅರ್ಧ ಗಂಟೆಯಲ್ಲಿ ಬಂದೆ ಅಂತ ಯಾರಾದರೂ ಹೇಳಿದರೆ, ನಡೆದು ಬಂದರೋ ಬೈಕಿನಲ್ಲೋ ಗೊತ್ತಾಗದೆ ದೂರ ಹೇಳಲು ಆಗುತ್ತದಾ? ಇದೂ ಹಾಗೇ.

ಹೊಸ ಮೀಟರ್ ಸಾಮಾನ್ಯವಾಗಿ ಉಕ್ಕಿನ ವೇಗಕ್ಕೆ ಸೆಟ್ ಆಗಿ ಬರುತ್ತದೆ, ಸೆಕೆಂಡಿಗೆ 5900 ಮೀಟರ್ ಆಸುಪಾಸು. ಮೀಟರಿನ ಮೇಲೆ ಕೂರಿಸಿರುವ ಪುಟ್ಟ ಬಿಲ್ಲೆಯೂ ಹೆಚ್ಚಾಗಿ ಉಕ್ಕಿನದೇ. ಅದರ ಮೇಲೆ ಅಳತೆ ಸರಿ ಬಂದರೆ ಉಕ್ಕಿಗೆ ಸರಿ ಅಂತಷ್ಟೇ ಅರ್ಥ. ಅಲ್ಯೂಮಿನಿಯಂನಲ್ಲಿ ವೇಗ 6300 ದಾಟುತ್ತದೆ. ಹಿತ್ತಾಳೆಯಲ್ಲಿ 4400ರ ಸುತ್ತ. ಬೀಡು ಕಬ್ಬಿಣವಂತೂ ಗ್ರೇಡ್ ನೋಡಿಕೊಂಡು 3500ರಿಂದ 5600ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸರ್ಟಿಫಿಕೇಟ್ ಕೊಟ್ಟ ಲ್ಯಾಬಿನವರು ತಮ್ಮ ಬ್ಲಾಕಿನ ಮೇಲೆ ನೋಡಿರುತ್ತಾರೆ. ನಿಮ್ಮ ಕಾಸ್ಟಿಂಗ್ ಅವರ ಕಣ್ಣಿಗೇ ಬಿದ್ದಿರುವುದಿಲ್ಲ.

ಒಂದು ಮಷೀನ್ ಶಾಪಿನಲ್ಲಿ ಬೀಡಿನ ಪಂಪ್ ಬಾಡಿಗಳು ಪ್ರೆಶರ್ ಟೆಸ್ಟಿನಲ್ಲಿ ಸೋರುತ್ತಿದ್ದವು. ಡ್ರಾಯಿಂಗಿನಲ್ಲಿ ಗೋಡೆ ಕನಿಷ್ಠ 12 ಮಿ.ಮೀ. ಇರಬೇಕು. ರಿಜಿಸ್ಟರಿನಲ್ಲಿ 12.9 ಅಂತ ಬರೆದಿತ್ತು, ಪಾಸ್. ಒಂದನ್ನು ಕೊಯ್ಯಿಸಿ ವರ್ನಿಯರ್ ಹಿಡಿದರೆ ಬರೀ 10. ಎರಕ ಹೊಯ್ಯುವಾಗ ಕೋರ್, ಅಂದರೆ ಒಳಗಿನ ಪೊಳ್ಳಿಗೆ ಇಡುವ ಅಚ್ಚು, ಪಕ್ಕಕ್ಕೆ ಸರಿದಿತ್ತು. ಆ ಬೀಡಿನಲ್ಲಿ ವೇಗ 4600ರ ಹತ್ತಿರ, ಮೀಟರಿನಲ್ಲಿ ಇದ್ದದ್ದು 5920. ಲೆಕ್ಕ ಹಾಕಿ ನೋಡಿ: 10ಕ್ಕೆ 12.9 ಬರಲೇಬೇಕು. ತಪ್ಪು ಇದ್ದದ್ದು ಅಪಾಯದ ಕಡೆಗೆ, ತೆಳುವಾದದ್ದು ದಪ್ಪ ಕಾಣುವ ಕಡೆಗೆ. ಅಲ್ಯೂಮಿನಿಯಂನಲ್ಲಿ ಇದೇ ತಪ್ಪು ಉಲ್ಟಾ ಹೊಡೆಯುತ್ತದೆ, ಒಳ್ಳೆಯ ಪೀಸನ್ನು ರಿಜೆಕ್ಟ್ ಮಾಡಿಸುತ್ತದೆ.

ಬೈಗುಳ ಬಿದ್ದದ್ದು ಕ್ಯೂಸಿಯಲ್ಲಿ (ಗುಣಮಟ್ಟ ನೋಡುವ ವಿಭಾಗದಲ್ಲಿ) ಇದ್ದ, ತಳಿ ಊರಿನ ಕಡೆಯ ಹುಡುಗಿಗೆ. ನನಗೆ ಬೇಜಾರಾಯಿತು. ಆಕೆ ಮೇಲ್ಮೈ ಒರೆಸಿ, ಜೆಲ್ ಹಚ್ಚಿ, ಪ್ರೋಬನ್ನು ಅಲುಗಿಸದೆ ಹಿಡಿಯುತ್ತಿದ್ದಳು. ವೇಗದ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹೇಳಿದ ಮೇಲೆ ಒಂದು ಬಿಳಿ ಟೇಪಿನ ಮೇಲೆ ತಮ್ಮಲ್ಲಿ ಬರುವ ಒಂದೊಂದು ಗ್ರೇಡಿನ ವೇಗವನ್ನೂ ಬರೆದು ಮೀಟರಿನ ಬೆನ್ನಿಗೆ ಅಂಟಿಸಿದಳು. ಎಲ್ಲ ಶಾಪಿನವರೂ ಹೀಗೆ ಮಾಡಿದರೆ ನನ್ನ ಫೋನು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.

ವೇಗ ಸೆಟ್ ಮಾಡುವುದು ಕಷ್ಟವೇನಲ್ಲ. ಅದೇ ಗ್ರೇಡಿನ ಒಂದು ಪೀಸ್ ತಗೊಳ್ಳಿ. ಎರಡೂ ಮುಖ ಸಿಗುವ ಕಡೆ ಮೈಕ್ರೋಮೀಟರಿನಿಂದ ಅಳೆಯಿರಿ. ಅದೇ ಜಾಗದಲ್ಲಿ ಪ್ರೋಬ್ ಇಟ್ಟು, ಅಳತೆ ಒಂದೇ ಬರುವವರೆಗೆ ವೆಲಾಸಿಟಿ ಬದಲಿಸಿ. ತೆಳುವಾದ ಒಂದು ಜಾಗ, ದಪ್ಪದ ಒಂದು ಜಾಗ, ಎರಡರಲ್ಲೂ ನೋಡಿದರೆ ಇನ್ನೂ ವಾಸಿ. ಮೀಟರ್ ಪಟ್ಟಿಯಲ್ಲಿ ಲೋಹದ ಹೆಸರು ಹುಡುಕಿ ಒತ್ತಿಬಿಟ್ಟರೆ ಬೀಡಿಗೆ ಸಾಲದು.

ಇದನ್ನೇ ತಿರುಗಿಸಿ ಬಳಸುವ ಫೌಂಡ್ರಿಯವರನ್ನು ಕಂಡರೆ ನನಗೆ ತುಂಬಾ ಖುಷಿ. ದಪ್ಪ ಮೊದಲೇ ಗೊತ್ತಿದ್ದರೆ ಮೀಟರ್ ವೇಗ ಹೇಳುತ್ತದೆ, ವೇಗ ಕಬ್ಬಿಣದ ಒಳಗಿನ ಕಥೆ ಹೇಳುತ್ತದೆ. ಎಸ್‌ಜಿ ಐರನ್ ಅನ್ನುವ ಬೀಡಿನ ಬಗೆಯಲ್ಲಿ ಗ್ರಾಫೈಟ್ ಗುಂಡು ಗುಂಡಾಗಿ ಕೂತಿದ್ದರೆ ವೇಗ ಸಾಮಾನ್ಯವಾಗಿ 5500ರ ಮೇಲಿರುತ್ತದೆ. ಗ್ರಾಫೈಟ್ ಗುಂಡಾಗಲಿ ಅಂತ ಮೆಗ್ನೀಸಿಯಂ ಹಾಕಿದ ಮೇಲೆ ಹೊಯ್ಯುವುದು ತಡವಾಯಿತು ಅನ್ನಿ, ಗುಂಡು ಆಕಾರ ಕೆಡುತ್ತದೆ, ವೇಗ ಇಳಿಯುತ್ತದೆ. ಪೀಸ್ ಕೊಯ್ಯದೇ ಇದನ್ನು ಹಿಡಿಯಬಹುದು. ಆದರೆ ಪಾಸ್-ಫೇಲ್ ಗೆರೆ ಎಲ್ಲಿ ಎಳೆಯಬೇಕು ಅನ್ನುವುದನ್ನು ನಿಮ್ಮದೇ ಕೆಲವು ಪೀಸ್ ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡಿ ನಿರ್ಧರಿಸಿ. ಪಕ್ಕದ ಫೌಂಡ್ರಿಯ ನಂಬರ್ ತಂದು ಹಾಕಬೇಡಿ.

ಉಳಿದವು ಚಿಕ್ಕವು. ಬಣ್ಣದ ಮೇಲೆ ಅಳೆದರೆ, ಸಾದಾ ಮೋಡಿನಲ್ಲಿ ಬಣ್ಣ ತನ್ನ ದಪ್ಪದ ಎರಡು ಪಟ್ಟಿಗೂ ಜಾಸ್ತಿ ಸೇರಿಸುತ್ತದೆ. ಆಚೆ ಮುಖದಿಂದ ಬರುವ ಎರಡು ಪ್ರತಿಧ್ವನಿಗಳ ನಡುವಿನ ಹೊತ್ತನ್ನು ಅಳೆಯುವ ಎಕೋ-ಟು-ಎಕೋ ಮೋಡ್ ಇದ್ದರೆ ಬಳಸಿ, ಇಲ್ಲದಿದ್ದರೆ ಬಣ್ಣ ಕೆರೆಯಿರಿ. ಪೀಸ್ ಬಿಸಿಯಾಗಿದ್ದರೆ ವೇಗ ತಗ್ಗುತ್ತದೆ, ಉಕ್ಕಿನಲ್ಲಿ ಸುಮಾರು 55 ಡಿಗ್ರಿಗೆ ನೂರಕ್ಕೆ ಒಂದರಷ್ಟು. ತೀರಾ ತೆಳು ತಗಡಿನಲ್ಲಿ ಕೆಲವು ಪ್ರೋಬ್‌ಗಳು ದಪ್ಪವನ್ನು ಎರಡರಷ್ಟು ತೋರಿಸುತ್ತವೆ. ಅನುಮಾನ ಬಂದರೆ ವರ್ನಿಯರ್ ಹಿಡಿದು ನೋಡಿ.

ಇನ್ನೊಂದು ಮಾತು. ಬೀಡಿನಲ್ಲಿ ಒಂದೇ ಕಾಸ್ಟಿಂಗಿನ ತೆಳು ಭಾಗಕ್ಕೂ ದಪ್ಪ ಭಾಗಕ್ಕೂ ವೇಗ ಬೇರೆ ಇರಬಹುದು, ಯಾಕೆಂದರೆ ಎರಡೂ ಒಂದೇ ಹೊತ್ತಿನಲ್ಲಿ ಆರುವುದಿಲ್ಲ. ಹಾಗಾಗಿ ಮೀಟರ್ 10.03 ಅಂತ ತೋರಿಸಿದರೂ ವರದಿಯಲ್ಲಿ ಆ ಎರಡನೇ ದಶಾಂಶಕ್ಕೆ ನಾನು ಸಹಿ ಹಾಕುವುದಿಲ್ಲ. ಒತ್ತಾಯ ಮಾಡಬೇಡಿ.