ದೇಹವೇ ಕಾಣಿಕೆ: ರೋಮಾಪುರದವರಿಗೆ ಬರೆದ ಪತ್ರಿಕೆ, 12ನೆಯ ಅಧ್ಯಾಯ, ಮೊದಲ ವಚನ

ಭಾನುವಾರ ಮಧ್ಯಾಹ್ನ ‘ಆರಾಧನೆ ಮುಗಿಯಿತು’ ಎಂದು ಸಲೀಸಾಗಿ ಹೇಳುತ್ತೇವೆ. ಈ ವಚನವನ್ನು ನಿಧಾನವಾಗಿ ಓದಿದ ಮೇಲೆ ಆ ಮಾತು ನನ್ನ ಬಾಯಲ್ಲಿ ತಡೆಯುತ್ತದೆ. ನಿಮ್ಮ ದೇಹಗಳನ್ನು ಸಜೀವವೂ ಪರಿಶುದ್ಧವೂ ಆದ ಯಜ್ಞವಾಗಿ ದೇವರಿಗೆ ಒಪ್ಪಿಸಿರಿ, ಅದೇ ನಿಮ್ಮ ಆರಾಧನೆ ಎಂಬುದು ಅದರ ತಾತ್ಪರ್ಯ.

ಮೊದಲು ಕಾಲವನ್ನು ಗಮನಿಸೋಣ. ಯೇಸುವಿನ ಅಪೊಸ್ತಲನಾದ ಪೌಲನು ಗ್ರೀಸಿನ ಕೊರಿಂಥದಿಂದ ರೋಮಿನ ಕ್ರೈಸ್ತರಿಗೆ ಈ ಪತ್ರಿಕೆಯನ್ನು ಬರೆಸಿದ್ದು ಸುಮಾರು ಕ್ರಿ.ಶ. 57ರಲ್ಲಿ. ಯೆರೂಸಲೇಮಿನ ದೇವಾಲಯ ರೋಮನ್ನರ ಕೈಯಲ್ಲಿ ಹಾಳಾದದ್ದು 70ರಲ್ಲಿ. ಅಂದರೆ ಅವನು ‘ಯಜ್ಞ’ ಎಂದಾಗ ಅಲ್ಲಿ ಇನ್ನೂ ಬೆಳಿಗ್ಗೆ ಒಂದು, ಸಂಜೆ ಒಂದು ಕುರಿಮರಿ ಪ್ರತಿದಿನ ಬಲಿಯಾಗುತ್ತಿತ್ತು. ರೋಮಿನ ಗುಡಿಗಳ ಮುಂದೆಯೂ ಬಲಿಪೀಠಗಳಿದ್ದವು. ಪತ್ರಿಕೆ ಕೇಳಿದವರಿಗೆ ಸುಟ್ಟ ಕೊಬ್ಬಿನ ವಾಸನೆ ಗೊತ್ತಿತ್ತು, ಬಲಿಗೆ ಕೊಟ್ಟ ಪ್ರಾಣಿ ಮನೆಗೆ ಮರಳುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಈ ಬಲಿ ಮನೆಗೆ ನಡೆದುಕೊಂಡು ಹೋಗುತ್ತದೆ, ನೀರು ಹೊರುತ್ತದೆ, ಬೆಳಗಾದರೆ ಕೂಲಿಗೆ ಹೊರಡುತ್ತದೆ. ‘ಸಜೀವ’ ಎಂಬ ಪದದ ಭಾರ ಅಷ್ಟು.

‘ಆರಾಧನೆ’ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವುದು ‘ಲಾತ್ರೆಯಾ’. ಇದೇ ಪತ್ರಿಕೆಯ 9:4ರಲ್ಲಿ ಇಸ್ರಾಯೇಲ್ಯರ ದೇವಸೇವೆಗೂ ಪೌಲನು ಇದೇ ಪದವನ್ನು ಬಳಸಿದ್ದಾನೆ. ದೇವಾಲಯದ ಪದವನ್ನು ತಂದು ನಮ್ಮ ಮೈಮೇಲೆ ಇಟ್ಟಿದ್ದಾನೆ! ಹೀಬ್ರೂ ಭಾಷೆಯ ‘ಅವೋದಾ’ವನ್ನೂ ಜೊತೆಗೆ ಗುರುತು ಹಾಕಿಕೊಳ್ಳಿ, ದುಡಿಮೆಗೂ ದೇವಸೇವೆಗೂ ಅಲ್ಲಿ ಅದೇ ಒಂದು ಪದ. ವಿಮೋಚನಕಾಂಡ 1:14ರಲ್ಲಿ ಅದು ಐಗುಪ್ತದ ಮಣ್ಣು ಇಟ್ಟಿಗೆಗಳ ಬಿಟ್ಟಿದುಡಿಮೆ, 12:26ರಲ್ಲಿ ಆ ದೇಶದಿಂದಾದ ಬಿಡುಗಡೆಯನ್ನು ನೆನೆಯುವ ಪಸ್ಕಹಬ್ಬದ ಆಚರಣೆ.

ಇನ್ನು ‘ದೇಹ’. ಪೌಲನು ಹೃದಯ ಎನ್ನಬಹುದಿತ್ತು, ನಾವು ನೆಮ್ಮದಿಯಾಗಿ ತಲೆಯಾಡಿಸುತ್ತಿದ್ದೆವು. ಹೃದಯವನ್ನು ಕೊಟ್ಟಿದ್ದೇನೆ ಎಂದು ಹೇಳುವುದು ಸುಲಭ, ಯಾರಿಗೂ ಕಾಣುವುದಿಲ್ಲ. ದೇಹ ಎಂದರೆ ಕೈ, ನಾಲಿಗೆ, ಸೊಂಟನೋವು, ನಿದ್ದೆಗೆಟ್ಟ ಕಣ್ಣು.

ನಮ್ಮ ಸಭೆಯಲ್ಲಿ ಒಬ್ಬ ತಾಯಿ ಇದ್ದಾರೆ. ಅವರ ಗಂಡನಿಗೆ ಲಕ್ವ ಹೊಡೆದಿದೆ. ಬೆಳಿಗ್ಗೆ ಐದಕ್ಕೆ ಎದ್ದು ಅವರ ಮಗ್ಗುಲು ಹೊರಳಿಸಿ, ಬೆನ್ನಿಗೆ ಹುಣ್ಣಾಗದಂತೆ ಒರೆಸಿ ಪೌಡರ್ ಹಾಕುತ್ತಾರೆ. ಗಂಜಿಯನ್ನು ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಿ, ಗಲ್ಲಕ್ಕೆ ಇಳಿದದ್ದನ್ನು ಸೆರಗಿನಿಂದ ಒರೆಸುತ್ತಾರೆ. ಸಭೆಗೆ ಬರುವಷ್ಟರಲ್ಲಿ ಪ್ರಸಂಗ ಅರ್ಧವಾಗಿರುತ್ತದೆ. ಬಾಗಿಲ ಬಳಿಯೇ ನಿಂತು, ‘ಇವತ್ತೂ ಆರಾಧನೆ ತಪ್ಪಿತು’ ಎಂದು ನೊಂದುಕೊಳ್ಳುತ್ತಾರೆ. ಪೌಲನ ಲೆಕ್ಕದಲ್ಲಿ ಅವರದು ಐದು ಗಂಟೆಗೇ ಶುರುವಾಗಿತ್ತು ಎಂದು ನಾನು ಪೂರ್ಣವಾಗಿ ನಂಬುತ್ತೇನೆ.

ಹಾಗಾದರೆ ಸಭೆಗೆ ಬರುವುದೇ ಬೇಡವೇ ಎಂದು ನಮ್ಮ ಅಧ್ಯಯನ ಗುಂಪಿನಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ಉತ್ತರ ವ್ಯಾಕರಣದಲ್ಲಿದೆ. ಮೂಲದಲ್ಲಿ ‘ದೇಹಗಳು’ ಬಹುವಚನ, ‘ಯಜ್ಞ’ ಏಕವಚನ. ಅನೇಕ ದೇಹಗಳು ಸೇರಿ ಒಂದೇ ಕಾಣಿಕೆ ಎಂದು ನಾನು ಓದುತ್ತೇನೆ. ನಾಲ್ಕೈದು ವಚನಗಳ ಕೆಳಗೆ, ನಾವು ಕ್ರಿಸ್ತನಲ್ಲಿ ಒಂದೇ ದೇಹ, ಒಬ್ಬರಿಗೊಬ್ಬರು ಅಂಗಗಳು ಎಂದು ಪೌಲನೂ ಹೇಳುತ್ತಾನೆ. ಹಾಗಿದ್ದರೆ ಆ ತಾಯಿಯನ್ನು ‘ನಿಮ್ಮದೂ ಆರಾಧನೆಯೇ ಅಮ್ಮಾ’ ಎಂದು ಸಮಾಧಾನಪಡಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಭಾನುವಾರ ಅವರು ಮೊದಲ ಕೀರ್ತನೆಗೇ ಬಂದು ಕೂರಬೇಕಾದರೆ ಆ ಮಂಚದ ಪಕ್ಕ ನಮ್ಮಲ್ಲೊಬ್ಬರು ಕೂರಬೇಕು.

ಪರಿಶುದ್ಧ ಎಂಬುದಕ್ಕೆ ನಮ್ಮಲ್ಲಿ ‘ಮೀಸಲು’ ಎಂಬ ಚಂದದ ಮಾತಿದೆ. ಮೀಸಲು ಬೆಣ್ಣೆಯನ್ನು ಯಾರೂ ಮುಟ್ಟದಂತೆ ನೆಲುವಿನಲ್ಲಿ ಎತ್ತಿಡುತ್ತಾರೆ. ಮೀಸಲಾದ ದೇಹವನ್ನು ಎತ್ತಿಡಲಾಗುವುದಿಲ್ಲ, ಅದು ಎಲ್ಲರ ಕೈಗೂ ಸಿಗಬೇಕು. ಅಧ್ಯಾಯದ ಉಳಿದ ಭಾಗವನ್ನು ಇದೇ ಕಣ್ಣಿನಿಂದ ಓದಿ: ಅತಿಥಿಸತ್ಕಾರ, ಅಳುವವರೊಂದಿಗೆ ಅಳುವುದು, ಹಸಿದ ವೈರಿಗೆ ಊಟ ಬಡಿಸುವುದು.

ಮುಂದಿನ ಸಲಕ್ಕೆ 14ನೆಯ ಅಧ್ಯಾಯ. ಮಾಂಸ ತಿನ್ನುವವರಿಗೂ ಬರೀ ತರಕಾರಿ ತಿನ್ನುವವರಿಗೂ ನಡುವೆ ನಡೆದ ಊಟದ ಜಗಳವನ್ನು ಓದಿಕೊಂಡು ಬನ್ನಿ, ಪೆನ್ಸಿಲ್ ಮರೆಯಬೇಡಿ.