ಶುಂಠಿಯೊಳಗೆ ಸಕ್ಕರೆ ಇಳಿಯುವುದು ಹೇಗೆ?

ಮನೆಯಲ್ಲಿ ಶುಂಠಿ ಕ್ಯಾಂಡಿ ಮಾಡುವಾಗ ಜನ ಹಾರಿಸಿಬಿಡುವ ಹಂತ ಒಂದಿದೆ. ಸಿಪ್ಪೆ ತೆಗೆದು ಹೆಚ್ಚಿದ ಶುಂಠಿಯನ್ನು ಸೀದಾ ಸಕ್ಕರೆ ಪಾಕಕ್ಕೆ ಹಾಕುತ್ತಾರೆ. ಹೋಳುಗಳು ಸುಕ್ಕುಗಟ್ಟುತ್ತವೆ, ಎಷ್ಟು ಜಗಿದರೂ ನಾರು ನಾರು. ಆಗ ಶುಂಠಿಯನ್ನೇ ಬೈಯುತ್ತಾರೆ. ಅದನ್ನು ಮೊದಲು ಬರೀ ನೀರಲ್ಲಿ ಬೇಯಿಸಬೇಕಿತ್ತು, ಅಷ್ಟೇ.

ಹಸಿ ಶುಂಠಿಯ ತೂಕದಲ್ಲಿ ಸುಮಾರು ಶೇ. 80ರಷ್ಟು ನೀರೇ ಇರುತ್ತದೆ. ಆ ನೀರು ಇರುವುದು ಜೀವಕೋಶಗಳ ಒಳಗೆ. ಪ್ರತಿ ಕೋಶಕ್ಕೂ ಒಂದು ತೆಳು ಪೊರೆ ಇದೆ, ಅದು ನೀರನ್ನು ಆಚೆ ಬಿಡುತ್ತದೆ, ಸಕ್ಕರೆಯನ್ನು ಮಾತ್ರ ಅಷ್ಟು ಸುಲಭವಾಗಿ ಒಳಗೆ ಸೇರಿಸುವುದಿಲ್ಲ. ಹಾಗಾಗಿ ಗಟ್ಟಿ ಪಾಕಕ್ಕೆ ಬಿದ್ದ ಹಸಿ ಹೋಳಿನಿಂದ ನೀರು ಹೊರಗೆ ಓಡುತ್ತದೆ, ಅದರ ಜಾಗ ತುಂಬಲು ಸಕ್ಕರೆ ಬರುವಷ್ಟರಲ್ಲಿ ಹೋಳು ಕುಗ್ಗಿರುತ್ತದೆ. ಪಾಕ ಕುದಿಯುತ್ತಿದ್ದರೆ ಪೊರೆ ಹರಿಯುತ್ತದೆ ನಿಜ, ಆದರೆ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಇದೆಯಲ್ಲ, ಅದು ಸಕ್ಕರೆ ಜಾಸ್ತಿ ಇದ್ದಷ್ಟೂ ನಿಧಾನವಾಗಿ ಮೆತ್ತಗಾಗುತ್ತದೆ. ಬರೀ ನೀರಲ್ಲಿ ಈ ತೊಂದರೆ ಇಲ್ಲ. ಎಳೆ ಶುಂಠಿ ಸಿಕ್ಕರೆ ಒಳ್ಳೆಯದು. ನಾರಿಗೆ ಅಡ್ಡವಾಗಿ 2–3 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ, ಚಾಕುವಿನ ತುದಿ ಸಲೀಸಾಗಿ ಇಳಿಯುವವರೆಗೆ ಬೇಯಿಸಿ. ಅವಸರ ಬೇಡ.

ಬೇಯಿಸಿದರೆ ಖಾರ ಹೋಗುತ್ತದಾ? ಸ್ವಲ್ಪ ನೀರಿಗೆ ಇಳಿಯುತ್ತದೆ, ಉಳಿದದ್ದು ಬದಲಾಗುತ್ತದೆ. ಹಸಿ ಶುಂಠಿಯ ಖಾರ ಬರುವುದು ಜಿಂಜೆರಾಲ್‌ನಿಂದ. ಬಿಸಿ ತಾಗಿದಾಗ ಅದರ ಒಂದು ಭಾಗ ಒಂದು ನೀರಿನ ಅಣುವನ್ನು ಕಳೆದುಕೊಂಡು ಶೋಗಾಲ್ ಆಗುತ್ತದೆ, ಇದು ಜಿಂಜೆರಾಲ್‌ಗಿಂತ ಖಾರ. ಇನ್ನೊಂದು ಭಾಗ ಒಡೆದು ಜಿಂಜೆರೋನ್ ಆಗುತ್ತದೆ, ಇದರದ್ದು ಮೃದುವಾದ, ಸಿಹಿ ಕಡೆಗೆ ವಾಲಿದ ಘಮ. ಕ್ಯಾಂಡಿಯ ರುಚಿ ಹಸಿ ಶುಂಠಿಯ ಹಾಗಿಲ್ಲದಿರುವುದು ಸಕ್ಕರೆಯೊಂದರಿಂದ ಅಲ್ಲ!

ಬೆಂದ ಹೋಳಿನ ತೂಕದಷ್ಟೇ ಸಕ್ಕರೆ, ಮುಳುಗುವಷ್ಟು ನೀರು, ಸಣ್ಣ ಉರಿ. ನೀರು ಆವಿಯಾದ ಹಾಗೆ ಪಾಕ ಕುದಿಯುವ ಉಷ್ಣತೆ ಏರುತ್ತಾ ಹೋಗುತ್ತದೆ. 106 ಡಿಗ್ರಿ ಸೆಲ್ಸಿಯಸ್ ಬಂದಾಗ ಪಾಕದಲ್ಲಿ ಹೆಚ್ಚುಕಡಿಮೆ ಶೇ. 70 ಸಕ್ಕರೆ ಇರುತ್ತದೆ. ಉಳಿದ ನೀರಿನ ಬಹುಪಾಲನ್ನು ಸಕ್ಕರೆ ಬಿಗಿಯಾಗಿ ಹಿಡಿದಿರುವುದರಿಂದ ಬ್ಯಾಕ್ಟೀರಿಯಾಗಳಿಗೆ ಬೇಕಾದಷ್ಟು ನೀರು ಸಿಗುವುದಿಲ್ಲ, ಬದಲಿಗೆ ಅವುಗಳ ಮೈಯ ನೀರೇ ಹೊರಗೆ ಹೋಗುತ್ತದೆ. ಕ್ಯಾಂಡಿ ಕೆಡದೆ ಉಳಿಯುವ ಗುಟ್ಟು ಇದೇ.

ಈಗ ಒಂದು ಆಯ್ಕೆ ನಿಮ್ಮದು. 100 ಗ್ರಾಂ ನೀರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ, 100 ಡಿಗ್ರಿ ಹತ್ತಿರ ಅದರ ಎರಡು ಪಟ್ಟಿಗೂ ಜಾಸ್ತಿ. ಪಾಕ ಆರಿದಾಗ ಹೆಚ್ಚುವರಿ ಸಕ್ಕರೆ ಹರಳಾಗಲೇಬೇಕು. ಮೇಲೆ ಗರಿಗರಿ ಬೇಕಿದ್ದರೆ ಹರಳಾಗಲಿ ಬಿಡಿ, ಹೋಳುಗಳನ್ನು ಬಸಿದು ಸಕ್ಕರೆಯಲ್ಲಿ ಹೊರಳಿಸಿ ಒಂದು ರಾತ್ರಿ ಆರಲು ಬಿಡಿ. ಪಾಕದಲ್ಲೇ ಇಟ್ಟು ಮೃದುವಾಗಿ ತಿನ್ನುವ ಆಸೆಯಿದ್ದರೆ ಕುದಿಯುವಾಗಲೇ ನಾಲ್ಕು ಹನಿ ನಿಂಬೆರಸ ಹಾಕಿ. ಆ ಹುಳಿ ಸ್ವಲ್ಪ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅವು ಹರಳು ಕಟ್ಟಲು ಅಡ್ಡ ಬರುತ್ತವೆ.

ಒಣಗಿದ ಕ್ಯಾಂಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ. ಸಕ್ಕರೆ ಗಾಳಿಯ ತೇವ ಹೀರಿದರೆ ಹೋಳಿನ ಮೇಲ್ಮೈ ನೀರಾಗುತ್ತದೆ, ಬೂಸ್ಟು ಮೊದಲು ಹಿಡಿಯುವುದು ಅಲ್ಲೇ.