ಲೋಟದ ಬುಡ ನೇರ ಗೆರೆಯಲ್ಲ

ಮೇಜಿನ ಮೇಲೊಂದು ಸ್ಟೀಲ್ ಲೋಟ ಇಟ್ಟು, ನೋಡಿ ಬರೆಯಿರಿ ಅಂದರೆ ಹಾಳೆಯ ಮೇಲೆ ಮತ್ತೆ ಮತ್ತೆ ಬರುವುದು ಒಂದೇ ತಪ್ಪು. ಬಾಯಿ ದುಂಡಗೆ, ಬುಡ ಮಾತ್ರ ಸ್ಕೇಲಿಟ್ಟು ಎಳೆದಂತೆ ನೇರ. ಬಾಯನ್ನು ಮೇಲಿನಿಂದ ನೋಡಿದವರು ಬುಡವನ್ನು ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದ ಹಾಗೆ. ಶಾಲೆಯ ಮಕ್ಕಳು ಹೀಗೆ ಮಾಡಿದರೆ ಸರಿ, ಡ್ರಾಯಿಂಗ್ ಹೈಯರ್ ಗ್ರೇಡ್ ಮುಗಿಸಿದವರೂ ಮಾಡುತ್ತಾರೆ, ಫೋಟೋ ನೋಡಿ ಚೆಂದದ ಮುಖಚಿತ್ರ ಬರೆಯುವವರೂ ಮಾಡುತ್ತಾರೆ. ತಪ್ಪು ತೋರಿಸಿದರೆ, "ಲೋಟ ಸಮವಾಗಿ ಕೂತಿದೆಯಲ್ಲ ಸರ್, ಬಾಗಿಸಿದರೆ ಅಲ್ಲಾಡೋ ಹಾಗೆ ಕಾಣುತ್ತೆ" ಅನ್ನುತ್ತಾರೆ. ತೊಂದರೆ ಇರುವುದು ಈ ಮಾತಿನಲ್ಲೇ. ಲೋಟ ಸಮವಾಗಿ ಕೂತಿದೆ ಅನ್ನುವುದು ಅವರಿಗೆ ಗೊತ್ತಿರುವ ವಿಷಯ. ಕಣ್ಣಿಗೆ ಬಿದ್ದದ್ದು ಬೇರೆ.

"ಮಗುವಿನ ಕೈ ಇನ್ನೂ ತಿರುಗಬೇಕು, ಗೆರೆ ಅಭ್ಯಾಸ ಜಾಸ್ತಿ ಕೊಡಿ" ಎಂದು ಪಾಲಕರು ಕೇಳುವುದುಂಟು. ಅಕ್ಷರ ದುಂಡಗೆ ಬರೆಯಬಲ್ಲ ಕೈಗೆ ಲೋಟ ಬರೆಯುವಷ್ಟು ಹಿಡಿತ ಇದ್ದೇ ಇರುತ್ತದೆ. ಕಣ್ಣು ಅಳೆದಿರುವುದಿಲ್ಲ, ಅಷ್ಟೇ.

ಲೆಕ್ಕ ಹಾಕಿಯೇ ನೋಡೋಣ. ಲೋಟದ ಎತ್ತರ 12 ಸೆಂ.ಮೀ., ಬಾಯಿ 8, ಬುಡ 6. ಕೂತವರ ಕಣ್ಣು ಮೇಜಿನಿಂದ 40 ಸೆಂ.ಮೀ. ಮೇಲೆ, ಲೋಟದಿಂದ 70 ಸೆಂ.ಮೀ. ದೂರ. ಬಾಯಿ ಕಣ್ಣಿನ ಮಟ್ಟದಿಂದ 28 ಸೆಂ.ಮೀ. ಕೆಳಗಿದೆ, ಬುಡ 40 ಸೆಂ.ಮೀ. ಕೆಳಗೆ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ವೃತ್ತ ತೆರೆದುಕೊಳ್ಳುತ್ತದೆ. ಓರೆಯಾಗಿ ನೋಡಿದಾಗ ಚಪ್ಪಟೆಯಾಗಿ ಕಾಣುವ ಆ ವೃತ್ತವೇ ದೀರ್ಘವೃತ್ತ; ಹಾಳೆಯ ಮೇಲೆ ಅದರ ಮೇಲಂಚಿನಿಂದ ಕೆಳಂಚಿನವರೆಗಿನ ಅಳತೆಯನ್ನು ಇಲ್ಲಿ ಆಳ ಅನ್ನೋಣ. ಹಾಗಾಗಿ ಬಾಯಿಯ ದೀರ್ಘವೃತ್ತದ ಆಳ ಅದರ ಅಗಲದ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು, ಬುಡದ್ದು ಹತ್ತಿರ ಹತ್ತಿರ ಅರ್ಧ. ಬಾಯಿಯ ಅಗಲವನ್ನು 8 ಸೆಂ.ಮೀ. ಎಂದೇ ಬರೆದರೆ ಅದರ ಆಳ 3 ಸೆಂ.ಮೀ. ಬರುತ್ತದೆ. ಬುಡ ಅಷ್ಟು ಕಿರಿದಾಗಿದ್ದರೂ ಅದರ ಆಳವೂ 3ಕ್ಕೆ ತೀರ ಸಮೀಪ. ಮುಂದಿನ ಅರ್ಧ ಮಾತ್ರ ನಮಗೆ ಕಾಣುವುದರಿಂದ ಬುಡದ ಗೆರೆ ತನ್ನ ಎರಡು ತುದಿಗಳಿಗಿಂತ ಸುಮಾರು ಒಂದೂವರೆ ಸೆಂ.ಮೀ. ಕೆಳಕ್ಕೆ ಜೋಲಬೇಕು. ಒಂದೂವರೆ ಸೆಂ.ಮೀ. ಅಂದರೆ ಹೆಬ್ಬೆರಳಿನ ಉಗುರಿನಷ್ಟು. ಅಷ್ಟನ್ನು ನುಂಗಿಹಾಕಿ ನೇರ ಗೆರೆ ಎಳೆಯುತ್ತಾರೆ.

ಸಂಖ್ಯೆ ಬೇಡದವರು ಲೋಟವನ್ನು ಕೈಯಲ್ಲಿ ನೆಟ್ಟಗೆ ಹಿಡಿದು, ಸೊಂಟದ ಎತ್ತರದಿಂದ ನಿಧಾನವಾಗಿ ಮೇಲೆತ್ತಲಿ. ಬಾಯಿ ಸಪೂರವಾಗುತ್ತಾ ಬಂದು ಕಣ್ಣಿನ ಮಟ್ಟಕ್ಕೆ ಮುಟ್ಟಿದ ಕ್ಷಣ ಬರೀ ಗೆರೆಯಾಗುತ್ತದೆ. ಬುಡ ಆಗಲೂ ಬಾಗಿಯೇ ಇರುತ್ತದೆ. ಇನ್ನೂ ಎತ್ತಿದರೆ ಬಾಯಿಯ ಗೆರೆ ಮೇಲ್ಮುಖವಾಗಿ ಬಾಗುತ್ತದೆ, ಕಣ್ಣಿನ ಮಟ್ಟಕ್ಕೆ ಬಂದಾಗ ಬುಡ ಗೆರೆಯಾಗುತ್ತದೆ. ಇದನ್ನು ನಾಲ್ಕು ಸಲ ಮಾಡಿದವರು ಆಮೇಲೆ ಬುಡವನ್ನು ನೇರ ಬರೆಯುವುದು ಕಡಿಮೆ. ಮರೆತು ಬರೆದರೂ ತಾವೇ ಹಿಡಿಯುತ್ತಾರೆ.

ಅಳತೆಗೆ ಪೆನ್ಸಿಲ್ಲೇ ಸಾಕು. ಒಂದು ಕಣ್ಣು ಮುಚ್ಚಿ, ತೋಳನ್ನು ಪೂರ್ತಿ ಚಾಚಿ, ಪೆನ್ಸಿಲ್ ತುದಿಯನ್ನು ಬಾಯಿಯ ಒಂದು ಅಂಚಿಗೆ ತಾಗಿಸಿ ಇನ್ನೊಂದು ಅಂಚಿಗೆ ಹೆಬ್ಬೆರಳ ಉಗುರು ತನ್ನಿ. ಆ ಉದ್ದ ಲೋಟದ ಎತ್ತರದಲ್ಲಿ ಎಷ್ಟು ಸಲ ಹಿಡಿಯುತ್ತದೆ, ಬಾಯಿಯ ಆಳ ಅದರಲ್ಲಿ ಎಷ್ಟು ಪಾಲು, ಇವೆರಡು ಸಿಕ್ಕರೆ ಚಿತ್ರ ಅರ್ಧ ಮುಗಿದಂತೆ. ಮೊಣಕೈ ಮಾತ್ರ ಮಡಚಬಾರದು. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದ್ದ ಪೆನ್ಸಿಲ್ 50ಕ್ಕೆ ಬಂದರೆ ಅಳತೆ ಆರರಲ್ಲಿ ಒಂದು ಪಾಲು ಕುಗ್ಗುತ್ತದೆ. ಅಗಲವನ್ನು ತೋಳು ಚಾಚಿ ಅಳೆದು, ಎತ್ತರಕ್ಕೆ ಬರುವಷ್ಟರಲ್ಲಿ ತೋಳು ಸಡಿಲಿಸಿದವರ ಲೋಟ ಕುಳ್ಳಗಾಗುವುದು ಇದರಿಂದ. ಹಾಳೆಯನ್ನೂ ಮೇಜಿನ ಮೇಲೆ ಮಲಗಿಸಬೇಡಿ. ಮೇಲಿನ ಭಾಗ ದೂರವಾಗಿ ಕುಗ್ಗಿದಂತೆ ಕಾಣುವುದರಿಂದ ಕೈ ಅದನ್ನು ಎಳೆದು ಬರೆಯುತ್ತದೆ, ಎತ್ತಿ ನಿಲ್ಲಿಸಿದಾಗ ಚಿತ್ರದ ತಲೆ ಉದ್ದವಾಗಿರುತ್ತದೆ. ರಟ್ಟನ್ನು ತೊಡೆಯ ಮೇಲಿಟ್ಟು ಮೇಜಿನ ಅಂಚಿಗೆ ಒರಗಿಸಿದರೆ ಸಾಕು.

ಬಾಯಿಯ ಎರಡೂ ತುದಿ ನಿಂಬೆಹಣ್ಣಿನಂತೆ ಚೂಪಾಗುವುದು ಇನ್ನೊಂದು ತಪ್ಪು. ದೀರ್ಘವೃತ್ತ ಎಷ್ಟೇ ಸಪೂರವಾಗಿರಲಿ, ತುದಿಯಲ್ಲಿ ತಿರುಗುತ್ತದೆ, ಮುರಿಯುವುದಿಲ್ಲ. ಮೇಲಿನ ಕಮಾನು, ಕೆಳಗಿನ ಕಮಾನು ಎಂದು ಎರಡು ತುಂಡಾಗಿ ಎಳೆದರೆ ಮೂಲೆ ಬಂದೇ ಬರುತ್ತದೆ. ಭುಜದಿಂದ ಕೈ ಆಡಿಸಿ, ಗಾಳಿಯಲ್ಲಿ ಎರಡು ಸುತ್ತು ಸುತ್ತಿ, ಹಾಗೇ ಹಾಳೆಗೆ ಇಳಿಸಿ.

ಇದಕ್ಕೆ ಇದ್ದಿಲು ಒಳ್ಳೆಯದು. ಬೆರಳಲ್ಲಿ ಕೆತ್ತುವ ಚಾಳಿಗೆ ಅದು ಅವಕಾಶ ಕೊಡುವುದಿಲ್ಲ, ತಪ್ಪಾದರೆ ಬಟ್ಟೆಯಲ್ಲಿ ಒರೆಸಿದರಾಯಿತು. ಮೈಸೂರು ಶೈಲಿಯ ಚಿತ್ರಗಾರರು ಮೊದಲ ರೇಖೆಗೆ ಬಳಸುತ್ತಿದ್ದುದು ಹುಣಸೆ ಕಡ್ಡಿಯ ಇದ್ದಿಲನ್ನೇ. ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಡುತ್ತಿದ್ದರು. ಮನೆಯಲ್ಲೂ ಮಾಡಬಹುದು. ಪೆನ್ಸಿಲ್ ದಪ್ಪದ ಒಣ ಕಡ್ಡಿಗಳ ತೊಗಟೆ ಸುಲಿದು, ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು, ಬಯಲಲ್ಲಿ ಬೆಂಕಿಗಿಡಿ. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ತೆಗೆಯಿರಿ. ಡಬ್ಬಿ ಪೂರ್ತಿ ಆರುವ ತನಕ ಮುಚ್ಚಳ ಮುಟ್ಟಬೇಡಿ. ಬಿಸಿ ಇದ್ದಾಗ ಗಾಳಿ ತಾಗಿದರೆ ಕಡ್ಡಿ ಹೊತ್ತಿ ಬೂದಿಯಾಗುತ್ತದೆ, ಕೈಯೂ ಸುಡಬಹುದು. ಮಕ್ಕಳ ಜೊತೆ ದೊಡ್ಡವರು ಇರಲೇಬೇಕು.

ಫೋಟೋ ನೋಡಿ ಬರೆಯಬಾರದೇ? ಕೂಡದು ಎನ್ನಲಾರೆ. ಹಾರುವ ಹಕ್ಕಿಗೆ ಬೇರೆ ದಾರಿ ಇರುವುದಿಲ್ಲ. ಲೋಟಕ್ಕೆ ಮಾತ್ರ ಬೇಡ. ಫೋನನ್ನು 25 ಸೆಂ.ಮೀ. ಹತ್ತಿರ ತಂದು ಮೇಲಿನಿಂದ ತೆಗೆದರೆ ಬಾಯಿ ಉಬ್ಬಿ ಬುಡ ಕುಗ್ಗುತ್ತದೆ. ಅದೂ ಅಲ್ಲದೆ ಅಳೆಯುವ ಕೆಲಸವನ್ನು ಕ್ಯಾಮೆರಾ ಮಾಡಿಬಿಟ್ಟಿರುತ್ತದೆ, ಕಣ್ಣಿಗೆ ಕಲಿಯಲು ಏನೂ ಉಳಿದಿರುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಮಾತೆಲ್ಲ ನೋಡಿ ಬರೆಯುವ ಚಿತ್ರಕ್ಕೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆಯುವ ಚಿತ್ತಾರದಲ್ಲಿ ನೇರ ಗೆರೆಯೇ ನಿಯಮ. ಅಲ್ಲಿ ಹೋಗಿ ಕಣ್ಣಿನ ಮಟ್ಟದ ಪಾಠ ಹೇಳುವುದು ಅವಿವೇಕ. ಹಾಗೆಂದು ಚಿತ್ತಾರದ ನೆಪ ಹೇಳಿ ವಸ್ತುಚಿತ್ರದಲ್ಲಿ ಬುಡ ನೇರ ಎಳೆಯುವುದೂ ಸರಿಯಲ್ಲ.

ನೆರಳು ಹಾಕುವ ಅವಸರ ಬೇಡ. ಸ್ಟೀಲಿನಲ್ಲಿ ಅತಿ ಕಪ್ಪು ಪಟ್ಟೆಯ ಪಕ್ಕದಲ್ಲೇ ಅತಿ ಬಿಳಿ ಪಟ್ಟೆ ಇರುತ್ತದೆ, ಹೊಸಬರು ಅದನ್ನು ಬೆರಳಲ್ಲಿ ತಿಕ್ಕಿ ಬೂದು ಮಾಡುತ್ತಾರೆ. ನೆರಳಿಗೆ ಮಣ್ಣಿನ ಕುಡಿಕೆಯಿಂದ ಶುರುಮಾಡಿ. ಲೋಟ ಇನ್ನೂ ಗೆರೆಯಲ್ಲೇ ಇರಲಿ, ದಿನಕ್ಕೆ ಇಪ್ಪತ್ತು ನಿಮಿಷ, ಅದರಲ್ಲಿ ಮೊದಲ ಐದು ಬರೀ ಅಳತೆಯ ಗುರುತು. ನಿಂತ ಲೋಟ ಹದಕ್ಕೆ ಬಂದ ಮೇಲೆ ಅದನ್ನೇ ಓರೆಯಾಗಿ ಮಲಗಿಸಿ. ಮೊದಲು ಬುಡದ ನಡುವಿನಿಂದ ಬಾಯಿಯ ನಡುವಿಗೆ ಹಾಯುವ ಅಕ್ಷರೇಖೆ ಎಳೆಯಿರಿ, ಬಾಯಿಯ ಉದ್ದನೆಯ ಅಗಲ ಆ ರೇಖೆಗೆ ಲಂಬವಾಗಿ ಬರಬೇಕು. ಆ ಅಗಲವನ್ನು ಹಾಳೆಯ ಅಂಚಿಗೆ ಸಮವಾಗಿ ನಿಲ್ಲಿಸಿಬಿಟ್ಟರೆ ಬಾಯಿ ಸೊಟ್ಟಗಾಗುತ್ತದೆ, ಲೋಟ ಜಜ್ಜಿದ ಹಾಗೆ ಕಾಣುತ್ತದೆ.